ಔಷಧಿ ಬರೆಯದ ಚೀಟಿ

ನಮ್ಮ ಮನೆಗೆ ಬರುವವರು ಚಪ್ಪಲಿಯನ್ನು ಸದ್ದಾಗದಂತೆ ಬಿಡತೊಡಗಿದ್ದು ಯಾವ ವಾರದಿಂದ ಎಂದು ನನಗೆ ಸರಿಯಾಗಿ ನೆನಪಿಲ್ಲ. ಅದಕ್ಕೆ ಮೊದಲು ನಮ್ಮ ನೆಂಟರಲ್ಲಿ ಯಾರೂ ಹಾಗೆ ಬಂದವರಲ್ಲ. ಗೇಟಿನಲ್ಲೇ ಕೂಗು ಹಾಕಿ, ಮೆಟ್ಟಿಲಿಗೆ ಕಾಲು ಬಡಿದು ಧೂಳು ಕೊಡವಿ, ಒಳಗೆ ಕಾಲಿಡುವ ಮೊದಲೇ ಏನು ಸಾರು ಎಂದು ಕೇಳುವ ಜನ. ಆಮೇಲೆ ಅವರು ಬೆಕ್ಕಿನಂತೆ ಬರತೊಡಗಿದರು. ಬಂದು, ಕುರ್ಚಿಯ ತುದಿಯಲ್ಲಿ ಕೂತು, ನನ್ನ ಕತ್ತನ್ನೇ ನೋಡುತ್ತಿದ್ದರು.

ಕತ್ತಿನ ಎಡಗಡೆ, ದವಡೆಯ ಕೆಳಗೆ, ನೆಲ್ಲಿಕಾಯಿ ಗಾತ್ರದ ಗಂಟು. ಬಚ್ಚಲಿನಲ್ಲಿ ಮುಖ ತೊಳೆಯುವಾಗ ಕೈಗೆ ಸಿಕ್ಕಿತ್ತು. ನೋವಿರಲಿಲ್ಲ. ನ್ಯಾಮತಿಯ ಡಾಕ್ಟರು ಎರಡು ವಾರ ಮಾತ್ರೆ ಕೊಟ್ಟರು, ಕರಗಲಿಲ್ಲ. ದಾವಣಗೆರೆಯ ಒಂದು ಆಸ್ಪತ್ರೆಯಲ್ಲಿ ಗಂಟಿನಿಂದ ತುಣುಕು ತೆಗೆದು ಪರೀಕ್ಷೆಗೆ ಕೊಟ್ಟರು. ಅದರ ಒಂದು ಚೂರು ಬೆಂಗಳೂರಿಗೆ ಹೋಯಿತು. ಅದು ಹೋಗಿ ಬರುವಷ್ಟರಲ್ಲಿ ಕಂಕುಳಲ್ಲಿ ಇನ್ನೊಂದು ಸಿಕ್ಕಿತ್ತು.

ಇದನ್ನು ನಾನು ಯಾರಿಗೂ ಧೈರ್ಯ ತುಂಬಲು ಬರೆಯುತ್ತಿಲ್ಲ. ಕಾಯಿಲೆ ಬಿದ್ದವರು ಬರೆದದ್ದನ್ನು ಆ ದಿನಗಳಲ್ಲಿ ನಾನೂ ಓದಿದೆ. ಅವರ ನೆನಪುಗಳೆಲ್ಲ ಇಸ್ತ್ರಿ ಮಾಡಿ ಮಡಿಸಿಟ್ಟ ಬಟ್ಟೆಯ ಹಾಗಿದ್ದವು. ಮೊದಲು ಭಯ, ಆಮೇಲೆ ಸುತ್ತಲಿನವರ ಪ್ರೀತಿ, ಕೊನೆಗೆ ಕೃತಜ್ಞತೆ. ನನಗೆ ಮೊದಲೂ ಸಿಟ್ಟು, ಆಮೇಲೂ ಸಿಟ್ಟು. ನಾನು ನ್ಯಾಮತಿಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಮಕ್ಕಳು ಪ್ರಬಂಧದ ಕೊನೆಗೆ ಬರೆಯುವ ನೀತಿಯ ಸಾಲನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕುವುದು ನನ್ನ ಹಳೆಯ ಅಭ್ಯಾಸ. ಇಲ್ಲಿಯೂ ಹಾಗೇ ಮಾಡುತ್ತೇನೆ.

ರಿಪೋರ್ಟು ಬಂದ ದಿನ ದಾವಣಗೆರೆಗೆ ಮೂವರು ಹೋಗಿದ್ದೆವು. ನಾನು, ಲೈನ್‌ಮನ್ ಕೆಲಸಕ್ಕೆ ರಜೆ ಹಾಕಿ ಬಂದ ನನ್ನ ಗಂಡ, ಮತ್ತು ಯಾರೂ ಕರೆಯದಿದ್ದರೂ ಹೊನ್ನಾಳಿಯಲ್ಲಿ ಬಸ್ಸು ಹತ್ತಿದ ನನ್ನ ಸೋದರಮಾವ. ಮಾವ ಅಮ್ಮನ ತಮ್ಮ. ಯಾರಿಗಾದರೂ ಕಾಯಿಲೆ ಎಂದರೆ ಅವನು ಎಲ್ಲರಿಗಿಂತ ಮೊದಲು ಹೊರಡುತ್ತಾನೆ. ಅದಕ್ಕೊಂದು ಕಾರಣವಿದೆ, ಮುಂದೆ ಹೇಳುತ್ತೇನೆ.

ಡಾಕ್ಟರು ನನಗಿಂತ ಚಿಕ್ಕ ವಯಸ್ಸಿನ ಹೆಂಗಸು. ಅವರು ಹೇಳಿದ್ದನ್ನು ಅಲ್ಲೇ, ಚೀಲದಲ್ಲಿ ಉಳಿದಿದ್ದ ಶಾಲೆಯ ಹಾಜರಿ ಪುಸ್ತಕದ ಹಿಂದಿನ ಪುಟದಲ್ಲಿ ಗೀಚಿಕೊಂಡಿದ್ದೆ. ಆದ್ದರಿಂದ ಈ ಒಂದು ಭಾಗವನ್ನು ನೀವು ನಂಬಬಹುದು. ಇದು ದುಗ್ಧರಸ ಗ್ರಂಥಿಗಳಲ್ಲಿ ಬರುವ ಕ್ಯಾನ್ಸರ್. ಆದರೆ ನಿಧಾನದ ಜಾತಿಯದು. ಈಗಲೇ ಚಿಕಿತ್ಸೆ ಶುರು ಮಾಡಿದರೆ ಲಾಭಕ್ಕಿಂತ ತೊಂದರೆ ಜಾಸ್ತಿ. ಮೂರು ತಿಂಗಳಿಗೊಮ್ಮೆ ಬಂದು ತೋರಿಸಬೇಕು. ಗಂಟು ಬೆಳೆದರೆ, ಜ್ವರ ಬಂದರೆ, ತೂಕ ಇಳಿದರೆ, ಆಗ ಶುರು ಮಾಡೋಣ.

"ಹೀಗೆ ಎಷ್ಟು ದಿನ ಇರುತ್ತೆ?" ಎಂದು ಕೇಳಿದೆ.

"ಹೇಳಕ್ಕಾಗಲ್ಲ. ಕೆಲವರಿಗೆ ವರ್ಷಗಟ್ಟಲೆ ಹಿಂಗೇ ಇರುತ್ತೆ. ಕೆಲವರಿಗೆ ಇರಲ್ಲ."

ಮಾವ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ. "ಮಾತ್ರೆ, ಡಾಕ್ಟ್ರೇ?"

"ಈಗ ಬೇಡ."

"ಇಂಜೆಕ್ಷನ್?"

"ಬೇಡ."

"ಒಂದು ಬಾಟ್ಲಿ ಗ್ಲೂಕೋಸಾದ್ರೂ ಹಾಕಿ ಕಳ್ಸ್ರಿ. ಅಷ್ಟು ದೂರದಿಂದ ಬಂದೀವಿ."

ಡಾಕ್ಟರು ನಕ್ಕರು. ಮಾವ ನಗಲಿಲ್ಲ. "ಪಥ್ಯ ಏನಾರ ಐತಾ?"

"ಏನೂ ಇಲ್ಲ. ಮನೆಗೆ ಹೋಗಿ ಆರಾಮಾಗಿರಿ. ಏನು ಬೇಕಾದರೂ ತಿನ್ನಬಹುದು."

ಈ ಕೊನೆಯ ಮಾತನ್ನು ಅವರು ಹೇಳಬಾರದಿತ್ತು. ನಮ್ಮ ಕಡೆ ಡಾಕ್ಟರು ಕಷಾಯದಂಥ ಕಹಿ ಮಾತ್ರೆ ಬರೆದಷ್ಟೂ, ಇದು ತಿನ್ನಬೇಡ ಅದು ತಿನ್ನಬೇಡ ಎಂದಷ್ಟೂ ರೋಗಿ ಬದುಕುತ್ತಾನೆಂದು ಲೆಕ್ಕ. ಮನೆಗೆ ಕರೆದುಕೊಂಡು ಹೋಗಿ, ಏನು ಬೇಕೋ ಕೊಡಿ ಎನ್ನುವುದು ಒಂದೇ ಒಂದು ಸಂದರ್ಭದಲ್ಲಿ. ಆ ಸಂದರ್ಭ ಎಲ್ಲರಿಗೂ ಗೊತ್ತು.

ಹೊರಗೆ ಬಂದ ಮೇಲೆ ಮಾವ ನನ್ನ ಕೈಯಿಂದ ಚೀಟಿ ತೆಗೆದುಕೊಂಡ. ಅದರಲ್ಲಿ ನನ್ನ ಹೆಸರು, ತೂಕ, ಮುಂದಿನ ತಾರೀಖು ಇಷ್ಟೇ ಇದ್ದವು. ಅವನು ಚೀಟಿಯನ್ನು ತಿರುಗಿಸಿ ಹಿಂದೆ ನೋಡಿದ. ಬೆಳಕಿಗೆ ಹಿಡಿದೂ ನೋಡಿದನೆಂದು ನನ್ನ ನೆನಪು, ಆದರೆ ಅದನ್ನು ನಾನು ಆಮೇಲೆ ಸೇರಿಸಿಕೊಂಡಿರಬಹುದು. "ಹಿಂದೂ ಏನೂ ಬರ್ದಿಲ್ಲ" ಎಂದು ನನ್ನ ಗಂಡನಿಗೆ ಹೇಳಿದ. ಬಸ್ಸಿನಲ್ಲಿ ಅವನು ನಮ್ಮಿಂದ ಮೂರು ಸೀಟು ಹಿಂದೆ ಕೂತು, ಕೈಯಲ್ಲಿ ಬಾಯಿ ಮುಚ್ಚಿಕೊಂಡು, ಹೊನ್ನಾಳಿ ಬರುವವರೆಗೂ ಫೋನಿನಲ್ಲಿ ಮಾತಾಡಿದ. ಇಳಿಯುವಾಗ ನನ್ನ ತಲೆ ಸವರಿದ. ನಾನು ಮದುವೆಯಾದ ಮೇಲೆ ಅವನು ನನ್ನ ತಲೆ ಮುಟ್ಟಿರಲಿಲ್ಲ. ಅಷ್ಟು ಹೊತ್ತಿಗೆ ಚನ್ನಗಿರಿಯ ಅಕ್ಕನಿಗೂ ಜಗಳೂರಿನ ಗಂಡನ ಮನೆಯವರಿಗೂ ಸುದ್ದಿ ಮುಟ್ಟಿತ್ತು: ಡಾಕ್ಟರು ಕೈಬಿಟ್ಟರು.

ಈಗ ಅಕ್ಕನ ವಿಷಯ. ಅಕ್ಕ ನನಗಿಂತ ಏಳು ವರ್ಷ ದೊಡ್ಡವಳು, ಚನ್ನಗಿರಿಯಲ್ಲಿದ್ದಾಳೆ. ಅಪ್ಪ ಅಮ್ಮ ಹೋದ ಮೇಲೆ ತವರು ಎಂದರೆ ನನಗೆ ಅವಳ ಮನೆಯೇ. ಅಮ್ಮ ಸತ್ತದ್ದು ಹೊಟ್ಟೆಯ ಕ್ಯಾನ್ಸರಿನಿಂದ. ಅಮ್ಮನಿಗೆ ನಾವು ಅಲ್ಸರ್ ಎಂದು ಹೇಳಿದ್ದೆವು. ಕೊನೆಯ ತಿಂಗಳು ಅಮ್ಮ ದಿನಾ ಕೇಳುತ್ತಿದ್ದಳು: "ಅಲ್ಸರಿಗೆ ಇಷ್ಟು ಜನ ಯಾಕೆ ನೋಡಾಕೆ ಬರ್ತಾರೆ?" ಅಕ್ಕ ಅಡುಗೆ ಮನೆಗೆ ಎದ್ದು ಹೋಗುತ್ತಿದ್ದಳು. ಉತ್ತರ ಹೇಳುವ ಕೆಲಸ ನನ್ನದು. ಓದಿದವಳಲ್ಲವೇ, ಸುಳ್ಳು ಚೆನ್ನಾಗಿ ಹೇಳುತ್ತೇನೆ. ಅಮ್ಮ ನಂಬಲಿಲ್ಲ, ಆದರೆ ನನಗೋಸ್ಕರ ನಂಬಿದವಳ ಹಾಗೆ ಮಾಡುತ್ತಿದ್ದಳು. ಅದನ್ನು ನಾನು ನೋಡಿದೆ.

ಆಮೇಲೆ ಅಕ್ಕ ತಂಗಿ ಒಂದು ಮಾತು ಮಾಡಿಕೊಂಡೆವು. ಸೂಳೆಕೆರೆ ಏರಿಯ ಮೇಲೆ ಬಸ್ಸಿಗೆ ಕಾಯುತ್ತ ನಿಂತಿದ್ದಾಗ ಎಂದು ನನ್ನ ನೆನಪು. ಗಾಳಿ ಇತ್ತು, ಅವಳ ಸೆರಗು ನನ್ನ ಮುಖಕ್ಕೆ ಬಡಿಯುತ್ತಿತ್ತು. ಅಕ್ಕನನ್ನು ಕೇಳಿದರೆ ಕೆರೆಯೂ ಇಲ್ಲ, ಗಾಳಿಯೂ ಇಲ್ಲ, ತಿಥಿಯ ಪಾತ್ರೆ ತೊಳೆಯುವಾಗ ಹಿತ್ತಲಲ್ಲಿ ಆದ ಮಾತು ಅನ್ನುತ್ತಾಳೆ. ಅವಳು ಹೇಳುವುದೇ ನಿಜವಿರಬೇಕು. ಕೆರೆಯ ಗಾಳಿ ಅನುಮಾನ ಬರುವಷ್ಟು ಚೆನ್ನಾಗಿದೆ. ಮಾತಿನ ಬಗ್ಗೆ ಮಾತ್ರ ಇಬ್ಬರಿಗೂ ತಕರಾರಿಲ್ಲ. ನಮ್ಮಿಬ್ಬರಲ್ಲಿ ಯಾರಿಗೆ ಏನು ಬಂದರೂ ಇನ್ನೊಬ್ಬಳು ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಅಮ್ಮನಿಗೆ ಮಾಡಿದ್ದನ್ನು ಮಾಡಬಾರದು.

ರಿಪೋರ್ಟಿನ ದಿನ ಮನೆಗೆ ಬಂದ ಕೂಡಲೇ ಅಕ್ಕನಿಗೆ ಫೋನು ಮಾಡಿ, ಹಾಜರಿ ಪುಸ್ತಕದಲ್ಲಿ ಬರೆದುಕೊಂಡಿದ್ದನ್ನು ಓದಿ ಹೇಳಿದೆ. ಅವಳು ಹೂಂ ಹೂಂ ಎಂದಳು. "ಅಷ್ಟೇನಾ ಡಾಕ್ಟ್ರು ಹೇಳಿದ್ದು?" ಎಂದಳು. ಅಷ್ಟೇ ಎಂದೆ. "ಊಟ ಮಾಡು" ಎಂದು ಫೋನಿಟ್ಟಳು.

ನನಗೆ ಬೇಕಾಗಿದ್ದದ್ದು ತೀರಾ ಸಣ್ಣದು. ಬದುಕುತ್ತೀಯ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಸಾಯುತ್ತೀಯ ಎಂದು ಮನಸ್ಸಿನಲ್ಲೇ ತೀರ್ಮಾನ ಮಾಡಿ ಬಾಯಲ್ಲಿ ಮಳೆ ಬೆಳೆ ಮಾತಾಡುವುದೂ ಬೇಡವಾಗಿತ್ತು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಒಪ್ಪಿಕೊಂಡು ನನ್ನ ಪಕ್ಕದಲ್ಲಿ ಕೂರುವ ಒಬ್ಬರು ಸಾಕಿತ್ತು. ಅದು ಅಕ್ಕ ಎಂದು ನಾನು ಅಂದುಕೊಂಡಿದ್ದೆ.

ಬಂದವರೆಲ್ಲ ಬ್ರೆಡ್ಡು ತಂದರು. ಬ್ರೆಡ್ಡು, ಮೂಸಂಬಿ, ಎಳನೀರು. ಅಷ್ಟು ಬ್ರೆಡ್ಡನ್ನು ಏನು ಮಾಡುವುದೆಂದು ತಿಳಿಯದೆ ನನ್ನ ಗಂಡ ಸ್ಟಾಫ್ ರೂಮಿಗೆ ಕಳಿಸೋಣವೇ ಎಂದರು. ಬಂದವರು ನನ್ನ ಕಾಯಿಲೆಯ ಹೆಸರು ಹೇಳುತ್ತಿರಲಿಲ್ಲ, 'ಅದು' ಎನ್ನುತ್ತಿದ್ದರು. ಅವರಿಗೆ ಗೊತ್ತಿದ್ದ ಇನ್ನೊಬ್ಬರಿಗೆ 'ಅದು' ಬಂದಿದ್ದ ಕಥೆ ಶುರು ಮಾಡಿ, ಕಥೆಯ ಕೊನೆ ನೆನಪಾದ ಕೂಡಲೇ ನಿಲ್ಲಿಸಿ, ಎಳನೀರು ಕುಡಿ ಎನ್ನುತ್ತಿದ್ದರು. ನನಗೆ ಡಾಕ್ಟರು ಹೇಳಿದ್ದನ್ನು ನಾನು ವಿವರಿಸಿದರೆ ಪಾಪ ಎನ್ನುವಂತೆ ತಲೆ ಆಡಿಸುತ್ತಿದ್ದರು. ನಾನು ಅಮ್ಮನ ಜಾಗದಲ್ಲಿದ್ದೆ. ನನ್ನ ಜಾಗದಲ್ಲಿ ಇಡೀ ಊರು ಕೂತಿತ್ತು.

ಇಷ್ಟಕ್ಕೇ ನಾನು ಕುಸಿಯುತ್ತಿರಲಿಲ್ಲ. ಆದರೆ ನನ್ನ ಗಂಡ ನನ್ನ ಜೊತೆ ಜಗಳವಾಡುವುದನ್ನೇ ಬಿಟ್ಟರು. ಮದುವೆಯಾದ ಇಪ್ಪತ್ತೆರಡು ವರ್ಷದಲ್ಲಿ ಸಾರಿಗೆ ಉಪ್ಪು ಸರಿಯಿದೆ ಎಂದು ಒಂದು ದಿನವೂ ಹೇಳದ ಮನುಷ್ಯ, ಉಪ್ಪೇ ಹಾಕಲು ಮರೆತ ಸಾರನ್ನು ಉಂಡು "ಚೆನ್ನಾಗೈತೆ" ಎಂದರು. ನಾನು ತುತ್ತು ಬಾಯಿಗಿಟ್ಟು, ಅವರ ಮುಖ ನೋಡಿದೆ. ಅವರು ತಟ್ಟೆ ನೋಡುತ್ತಿದ್ದರು. ಆವತ್ತಿನಿಂದ ಡಾಕ್ಟರ ಮಾತಿಗಿಂತ ಆ ಸಾರನ್ನು ಹೆಚ್ಚು ನಂಬತೊಡಗಿದೆ. ಡಾಕ್ಟರು ನನಗೆ ಹೇಳದೆ ಇವರಿಗೆ ಏನೋ ಹೇಳಿದ್ದಾರೆ. ನಾನು ಶೌಚಾಲಯಕ್ಕೆ ಹೋದಾಗ ಹೇಳಿರಬೇಕು. ನಾನು ಹೋಗಿದ್ದೆನೇ? ಹೋಗಿದ್ದೆನೆಂದು ಆಗ ನನಗೆ ಸ್ಪಷ್ಟವಾಗಿ ನೆನಪಿತ್ತು. ಈಗ ಇಲ್ಲ.

ಜಗಳೂರಿನಿಂದ ಗಂಡನ ಕಡೆಯವರು ಕ್ರೂಸರ್ ಮಾಡಿಕೊಂಡು ಬಂದರು. ಒಬ್ಬೊಬ್ಬರೇ ಬಸ್ಸಿಗೆ ಬರುವುದಕ್ಕಿಂತ ಒಂದೇ ಗಾಡಿಯಲ್ಲಿ ಬಂದು ಮಾತಾಡಿಸಿ ಹೋಗುವುದು ಅವರ ಪದ್ಧತಿ. ಮಂಗಳವಾರ ಬರಬಾರದು, ಅಮಾವಾಸ್ಯೆ ಹತ್ತಿರ ಬರಬಾರದು ಎಂದು ಎಣಿಸಿ ಒಂದು ಶುಕ್ರವಾರ ಹೊರಟಿದ್ದರು. ಮುಂದಾಳು ನನ್ನ ವಾರಗಿತ್ತಿ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ. ನಾನು ಕಿಟಕಿಯ ಹಿಂದೆ ಮಂಚದ ಮೇಲಿದ್ದೆ. ಗೇಟಿನ ಹತ್ತಿರ ಅವಳು ತನ್ನ ಜನಕ್ಕೆ ಪಾಠ ಹೇಳುತ್ತಿದ್ದಳು.

"ಒಳಗೋದ್ಮ್ಯಾಲೆ ಯಾರೂ ಕಣ್ಣಾಗೆ ನೀರು ಹಾಕಂಗಿಲ್ಲ. ಕಾಯ್ಲೆ ಹೆಸರು ಎತ್ತಂಗಿಲ್ಲ."

"ಮತ್ತೆ ಏನ್ ಕೇಳದು?" ಒಬ್ಬ ಮುದುಕನ ದನಿ.

"ಮಳಿ ಕೇಳ್ರಿ."

"ಮಳಿ ಆಗಿಲ್ಲ ಅಂತ ಆಕಿಗೂ ಗೊತ್ತೈತಲ್ಲವ್ವ."

"ಗೊತ್ತಿದ್ರೂ ಕೇಳ್ರಿ."

ಒಳಗೆ ಬಂದ ಏಳು ಜನವೂ ನ್ಯಾಮತಿ ಕಡೆ ಮಳೆ ಹೇಗೆ ಎಂದು ಕೇಳಿದರು. ಆರು ಜನಕ್ಕೆ ಇಲ್ಲ ಎಂದೆ. ಏಳನೆಯವರಿಗೆ "ಆಗಿಲ್ಲ, ನಾನು ಹೋದ್ಮೇಲೆ ಆಗಬಹುದು" ಎಂದೆ. ವಾರಗಿತ್ತಿ ಅವರನ್ನು ಕಣ್ಣಲ್ಲೇ ಗದರಿಸಿದಳು, ಯಾರೂ ಅಳದಂತೆ.

ಆಮೇಲೆ ಅವಳು ಬುತ್ತಿ ಬಿಚ್ಚಿದಳು. ಎರಡು ದಿನ ಮೊದಲು ಫೋನು ಮಾಡಿ ಬಾಯಿಗೆ ಏನು ಬೇಕು ಅನ್ನಿಸುತ್ತದೆ ಹೇಳು ಎಂದು ಕೇಳಿದ್ದಳು. ಮಾತು ಮುಗಿಸಲು ಸಜ್ಜೆ ರೊಟ್ಟಿ ಎಂದಿದ್ದೆ. ಈಗ ಡಬ್ಬಿಗಳ ಮೇಲೆ ಡಬ್ಬಿ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ, ಕರಿಗಡುಬು. ನಮಗೆ ಮಕ್ಕಳಾಗಲಿಲ್ಲ. ಬಸುರಿಯ ಬಯಕೆ ಕೇಳಿ ಬುತ್ತಿ ತರುವ ಕೆಲಸ ಈ ಮನೆಯವರಿಗೆ ನಾನು ಕೊಟ್ಟಿರಲಿಲ್ಲ. ಆ ಬುತ್ತಿ ಈಗ ಬಂತು, ಇಪ್ಪತ್ತೆರಡು ವರ್ಷ ತಡವಾಗಿ, ಬೇರೆ ಕಾರಣಕ್ಕೆ. ಅವಳ ಮುಖದಲ್ಲಿ ನಿಜವಾದ ಪ್ರೀತಿ ಇತ್ತು. ಅದಕ್ಕೇ ಸಹಿಸಲಾಗಲಿಲ್ಲ.

ಆ ಹೊತ್ತಿಗೆ ಅಕ್ಕ ಬಂದಳು. ಬಸ್ಸಿನ ಬೆವರು, ಕೈಯಲ್ಲಿ ಬಟ್ಟೆಯ ಚೀಲ. ಯಾರಿಗೂ ನಮಸ್ಕಾರವನ್ನೂ ಹೇಳದೆ ಮೂಲೆಯ ಚಾಪೆ ಬಿಡಿಸಿ ಹಾಸಿದಳು. ಚೀಲದಿಂದ ಒಂದೊಂದಾಗಿ ತೆಗೆದಳು. ಹಸಿರು ಸೀರೆ, ಕುಪ್ಪಸದ ಬಟ್ಟೆ, ಕಾಯಿ, ಅರಿಸಿನ ಕೊಂಬು, ಸೇರು ಅಕ್ಕಿ.

"ಏಳು. ಮೂಡ್ಲಕ್ಕೆ ಮುಖ ಮಾಡಿ ಕುತ್ಕೋ. ಉಡಿ ತುಂಬ್ತೀನಿ."

ಮದುವೆಯಾದ ಹೆಣ್ಣಿಗೆ ಉಡಿ ತುಂಬುವುದು ತವರಿನಲ್ಲಿ, ಅವಳು ಗಂಡನ ಮನೆಗೆ ಹೊರಟು ನಿಂತಾಗ. ತವರಿನವರೇ ಸೀರೆ ಹಿಡಿದು ಹೆಣ್ಣಿನ ಮನೆಗೆ ಬರುವುದು ನಮ್ಮಲ್ಲಿ ಎರಡೇ ಸಲ. ಒಂದು, ಅವಳು ಬಸುರಿಯಾದಾಗ. ಇನ್ನೊಂದು, ಅವಳು ಸತ್ತಾಗ. ತವರಿನ ಸೀರೆ ಹೊದಿಸದೆ ಹೆಣ ಎತ್ತಬಾರದು.

"ನಾನೇನು ಬಸುರಿನಾ?" ಎಂದೆ.

ಕೋಣೆಯಲ್ಲಿ ಯಾರೋ ಕೆಮ್ಮಿದರು. "ಸುಮ್ನೆ ಕುತ್ಕೋ" ಎಂದಳು ಅಕ್ಕ.

"ಬಸುರಿ ಅಲ್ಲ ಅಂದ್ಮೇಲೆ ಇನ್ನೊಂದಕ್ಕೇ ತಾನೇ ತಂದಿದ್ದು? ನೇರವಾಗಿ ಹೇಳು. ನಿನಗೆ ಯಾರು ಏನು ಹೇಳಿದಾರೆ?"

ಇಲ್ಲಿಂದ ಮುಂದೆ ನನ್ನ ಹತ್ತಿರ ಎರಡು ನೆನಪುಗಳಿವೆ, ಒಂದು ನನ್ನದು, ಒಂದು ಅಕ್ಕನದು. ನನ್ನದರಲ್ಲಿ ಅಕ್ಕ ಸೀರೆಯನ್ನು ತೊಡೆಯ ಮೇಲಿಟ್ಟುಕೊಂಡು, ನನ್ನ ಕಣ್ಣಲ್ಲಿ ಕಣ್ಣಿಟ್ಟು, "ಹೂಂ. ನೀನು ಜಾಸ್ತಿ ದಿನ ಇರಲ್ಲ. ಡಾಕ್ಟ್ರು ಕೈ ಬಿಟ್ಟಾರೆ ಅಂತ ಮಾವ ಅಂದ. ಅದಕ್ಕೇ ತಂದೆ" ಎನ್ನುತ್ತಾಳೆ. ಅಕ್ಕನದರಲ್ಲಿ ಅವಳು ಬಾಯಿಯನ್ನೇ ಬಿಡುವುದಿಲ್ಲ. ಎಲ್ಲವನ್ನೂ ನಾನೇ ಅರಚಿ ಹೇಳುತ್ತೇನೆ, ಅವಳು ತಲೆ ತಗ್ಗಿಸುತ್ತಾಳೆ, ಅಷ್ಟೇ. ಅಲ್ಲಿದ್ದ ಏಳು ಜನರಲ್ಲಿ ಇಬ್ಬರನ್ನು ಆಮೇಲೆ ಕೇಳಿದೆ. ಒಬ್ಬರು ನಾನು ಹೇಳಿದ ಹಾಗೆ ಎಂದರು, ಇನ್ನೊಬ್ಬರು ಊಟದ ಗದ್ದಲದಲ್ಲಿ ಕೇಳಿಸಲಿಲ್ಲ ಎಂದರು. ಆಗ ಊಟ ಶುರುವಾಗಿರಲಿಲ್ಲ.

ಆಮೇಲಿನ ಮಾತು ಅವಳದೇ, ಅದನ್ನು ಅವಳೂ ಒಪ್ಪುತ್ತಾಳೆ.

"ಅಮ್ಮಂಗೆ ತವರ ಸೀರೆ ಮುಟ್ಟಲಿಲ್ಲ. ಮಾವ ಹೊನ್ನಾಳಿಯಿಂದ ಬರಷ್ಟೊತ್ತಿಗೆ ಮಣ್ಣಾಗಿತ್ತು. ಸೀರೆ ಹಿಡ್ಕಂಡು ಬಾಗಿಲಾಗೆ ನಿಂತಿದ್ದ, ನೆನಪೈತಾ? ನೀನಾದ್ರೂ ಕಣ್ಣಾರೆ ನೋಡು ಅಂತ ಮೊದ್ಲೇ ತಂದೆ. ನಿನಗೆ ಹಸಿರು ಅಂದ್ರೆ ಇಷ್ಟ ಅಂತ ಹಸಿರೇ ತಂದೆ."

ನೆನಪಿತ್ತು. ಅದಕ್ಕೇ ಮಾವ ಈಗ ಎಲ್ಲರ ಕಾಯಿಲೆಗೂ ಮೊದಲೇ ಹೊರಡುವುದು. ತಡವಾಗಿ ಬಂದ ಒಬ್ಬ ಮನುಷ್ಯನ ಅವಸರಕ್ಕೆ ನಾನು ಬದುಕಿದ್ದಾಗಲೇ ನನ್ನ ಹೆಣದ ಸೀರೆ ನನ್ನ ಮನೆಗೆ ಬಂದಿತ್ತು.

"ಹೊರಗೆ ನಡಿ" ಎಂದೆ.

"ಉಡಿ ತುಂಬಿ ಹೋಗ್ತೀನಿ."

"ಈಗ ನಡಿ. ಆಸ್ಪತ್ರೆಗೆ ಬಂದು ಒಂದು ಮಾತು ಕೇಳಾಕೆ ಆಗಲಿಲ್ಲ ನಿನಗೆ. ಸೀರೆ ಅಂಗಡಿಗೆ ಹೋಗಾಕೆ ಆಯ್ತು."

ಅಕ್ಕಿ ಚೆಲ್ಲಿತು. ಚೆಲ್ಲಿದವಳು ನಾನಿರಬೇಕು. ಅಕ್ಕ ಸೀರೆಯನ್ನೂ ಕುಪ್ಪಸದ ಬಟ್ಟೆಯನ್ನೂ ಅಷ್ಟೇ ಚೀಲಕ್ಕೆ ತುರುಕಿಕೊಂಡು ಎದ್ದಳು. ಹೋಗುವಾಗ ಚಪ್ಪಲಿಯನ್ನು ದಬದಬ ಬಡಿದು ಹಾಕಿಕೊಂಡಳು. ಎಷ್ಟೋ ದಿನಗಳ ಮೇಲೆ ನಮ್ಮ ಮನೆಯಲ್ಲಿ ಕೇಳಿಸಿದ ಚಪ್ಪಲಿ ಸದ್ದು ಅದು.

ವಾರಗಿತ್ತಿ ಮೊಣಕಾಲೂರಿ ಅಕ್ಕಿಯನ್ನು ಬಳಿದು ಮೊರಕ್ಕೆ ಹಾಕಿದಳು.  ಎಲ್ಲಾ ಬಳಿದಾದ ಮೇಲೆ ಸೊಂಟ ಹಿಡಿದು ಎದ್ದು ನಿಂತು, ತನ್ನ ಜನರ ಕಡೆ ತಿರುಗಿ, "ಸಾಯೋರಿಗೆ ಇಷ್ಟು ಸಿಟ್ಟು ಬರಲ್ಲ ಬಿಡ್ರಿ. ನಮ್ಮತ್ತಿ ಸಾಯಾಗ ಎಷ್ಟು ಮೆತ್ತಗಿದ್ಲು" ಎಂದಳು. ಆ ತಿಂಗಳು ಸಾಯುವುದು ಎಂಬ ಶಬ್ದವನ್ನೇ ಯಾರಾದರೂ ನಮ್ಮ ಮನೆಯಲ್ಲಿ ಮೊದಲಿಗೆ ಎತ್ತಿದ್ದರೆ ಅದು ಆಗ. ನಾನು ಕೂತು ಮೂರು ಸಜ್ಜೆ ರೊಟ್ಟಿ ತಿಂದೆ. ಹಸಿವಿಗಲ್ಲ, ಅವರೆಲ್ಲ ನೋಡಲಿ ಎಂದು.

ಆಮೇಲೆ ಅಕ್ಕನಿಗೆ ನಾನು ಫೋನು ಮಾಡಲಿಲ್ಲ. ಅವಳೂ ಮಾಡಲಿಲ್ಲ. ಇದನ್ನು ಬರೆಯುವಾಗ ಆ ವಾರಗಳಲ್ಲಿ ಪಶ್ಚಾತ್ತಾಪದಿಂದ ಅತ್ತೆ ಎಂದು ಒಂದು ಸಾಲು ಬಂತು. ಹೊಡೆದುಹಾಕಿದ್ದೇನೆ. ಅಳಲಿಲ್ಲ. ದಿನಕ್ಕೆ ಹತ್ತು ಸಲ ಕಂಕುಳಿಗೆ ಕೈ ಹಾಕಿ ಗಂಟನ್ನು ಮುಟ್ಟಿ ನೋಡುತ್ತಿದ್ದೆ. ಅದು ಬೆಳಿಗ್ಗೆ ದೊಡ್ಡದಾಗಿರುತ್ತಿತ್ತು, ಮಧ್ಯಾಹ್ನ ಸಣ್ಣದಾಗಿರುತ್ತಿತ್ತು. ಅಕ್ಕನ ಮಾತು ಸುಳ್ಳಾಗಲಿ ಎಂಬುದಕ್ಕಿಂತ ನಿಜವಾಗಲಿ ಎಂದು ಕೆಲವು ಸಲ ಅನ್ನಿಸುತ್ತಿತ್ತು. ಆಗ ಕಾಯುವ ಕೆಲಸವಾದರೂ ಮುಗಿಯುತ್ತದೆ.

ಪಕ್ಕದ ಮನೆಯಲ್ಲಿ ಒಬ್ಬರು ಮುಸ್ಲಿಂ ಹೆಂಗಸು ಇದ್ದಾರೆ. ಗಂಡನಿಗೆ ತರಕಾರಿ ವ್ಯಾಪಾರ, ಅವರು ಮುಂದಿನ ಕೋಣೆಯಲ್ಲಿ ಮಷಿನ್ ಇಟ್ಟುಕೊಂಡು ಬಟ್ಟೆ ಹೊಲಿಯುತ್ತಾರೆ. ನನ್ನ ರವಿಕೆಗಳೆಲ್ಲ ಅವರ ಕೈಯವೇ. ಒಂದು ಸಂಜೆ ಕೊರಳಿಗೆ ಟೇಪು ಹಾಕಿಕೊಂಡು ಬಂದರು. ಕೈಯಲ್ಲಿ ಅದೇ ಹಸಿರು ಸೀರೆಯ ಕುಪ್ಪಸದ ಬಟ್ಟೆ.

"ಅಳ್ತೆ ಕೊಡ್ರಿ, ಟೀಚರಮ್ಮ."

"ಆ ಸೀರೆ ನನಗೆ ಬೇಡ."

"ಸೀರೆ ವಿಷ್ಯ ನೀವು ನಿಮ್ಮಕ್ಕ ನೋಡ್ಕಳ್ರಿ. ಅವತ್ತು ನಮ್ಮ ಮನೇಲಿ ಚಾ ಕುಡ್ದು, ಸ್ಟ್ಯಾಂಡಿಗೆ ಹೋಗೋ ಮುಂಚೆ ಕೊಟ್ಟು ಹೋಗಾರೆ. ಫಾಲ್ ಆಗ್ಲೇ ಹಾಕೀನಿ. ರವಿಕೆ ಬಾಕಿ ಐತೆ."

"ಅಳ್ತಾ ಇದ್ಲಾ?"

"ಇಲ್ಲಪ್ಪ. ಬಯ್ತಾ ಇದ್ರು."

"ಯಾರಿಗೆ?"

"ನಿಮಗೇ."

ಟೇಪು ಹಿಡಿದರು. ಎದೆಯ ಅಳತೆ ಎರಡು ಇಂಚು ಕಮ್ಮಿ ಬಂತು. ತೂಕ ಇಳಿದರೆ ಎಂದು ಡಾಕ್ಟರು ಹೇಳಿದ್ದು ನನಗೆ ನೆನಪಾಯಿತು.  ಏನಾದರೂ ಒಳ್ಳೆಯ ಮಾತು ಹೇಳುತ್ತಾರೆಂದು ಕಾದೆ. ಹೇಳಿದ್ದರೆ ಅವರನ್ನೂ ಹೊರಗೆ ಹಾಕಬಹುದಿತ್ತು.

"ಇಳ್ದೀರಿ" ಎಂದರು. "ಊಟ ಬಿಟ್ಟಿದ್ದಕ್ಕೋ, ಕಾಯ್ಲೆಗೋ, ನನಗೆ ಹೆಂಗೆ ಗೊತ್ತಾಗ್ಬೇಕು, ನಾನು ಟೇಲರ್ರು. ಒಳಗಡೆ ಎರಡೂ ಕಡೆ ಬಟ್ಟೆ ಬಿಟ್ಟಿರ್ತೀನಿ. ದಪ್ಪ ಆದ್ರೆ ಬಿಚ್ಕಳ್ರಿ. ಇನ್ನೂ ಇಳಿದ್ರೆ ತಂದು ಕೊಡ್ರಿ, ಇನ್ನೊಂದು ಹೊಲಿಗೆ ಹಾಕ್ತೀನಿ."

ಇದರಿಂದ ಪಾಠ ತೆಗೆಯಲು ಹೋಗಬೇಡಿ. ಅವರು ಎಲ್ಲರ ರವಿಕೆಗೂ ಒಳಗೆ ಬಟ್ಟೆ ಬಿಡುತ್ತಾರೆ. ಮದುವಣಗಿತ್ತಿಯರದಕ್ಕೂ ಬಿಡುತ್ತಾರೆ. ನಾನು ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದೆ ಎಂಬುದು ನಿಜ, ಆದರೆ ಹಿಂದಿನ ರಾತ್ರಿ ನಿದ್ದೆಯೇ ಇರಲಿಲ್ಲ ಎಂಬುದೂ ನಿಜ.

ಮೂರು ತಿಂಗಳ ತಪಾಸಣೆಗೆ ಗಂಡನನ್ನು ಬರಬೇಡಿ ಎಂದೆ. ಅವರು ಬರುತ್ತೇನೆಂದು ಹಟ ಮಾಡಿದರು, ನಾನು ಕೂಗಾಡಿದೆ, ಅವರೂ ಕೂಗಾಡಿದರು, ಕೊನೆಗೂ. ಒಬ್ಬಳೇ ಹೊನ್ನಾಳಿಯಲ್ಲಿ ಬಸ್ಸು ಬದಲಿಸಿ, ಮಾವ ಎಲ್ಲಾದರೂ ನಿಂತಿದ್ದಾನೆಯೇ ಎಂದು ಕಳ್ಳಿಯ ಹಾಗೆ ನೋಡುತ್ತ, ದಾವಣಗೆರೆ ತಲುಪಿದೆ.

ಆಸ್ಪತ್ರೆಯ ಬೆಂಚಿನ ಮೇಲೆ ಅಕ್ಕ ಕೂತಿದ್ದಳು. ಚನ್ನಗಿರಿಯಿಂದ ಮೊದಲ ಬಸ್ಸಿಗೇ ಬಂದಿರಬೇಕು. ತಾರೀಖು ನನ್ನ ಗಂಡನಿಂದ ತಿಳಿದುಕೊಂಡಿದ್ದಳು.

"ಟೋಕನ್ ತಗಂಡೀನಿ. ಹನ್ನೆರಡನೇದು" ಎಂದಳು.

ನಾನು ಅವಳ ಪಕ್ಕ ಕೂರಲಿಲ್ಲ. ಎದುರಿನ ಬೆಂಚಿನಲ್ಲಿ ಕೂತೆ. ನಾಲ್ಕನೆಯ ನಂಬರು ಕರೆದಾಗ ಅವಳು ಕೇಳಿದಳು, "ಆ ಸೀರೆ ಉಟ್ಯಾ?"

"ಸತ್ತಾಗ ಉಡಿಸು."

"ನಿನಗಿಂತ ಏಳು ವರ್ಷ ದೊಡ್ಡಾಕಿ ನಾನು. ಮೊದ್ಲು ನಾನೇ ಹೋದ್ರೆ ಯಾರು ಉಡ್ಸದು? ಉಟ್ಟು ಹರಿ."

"ನೀನು ಹೋದ್ರೆ ನಾನು ಸೀರೆ ತರಲ್ಲ."

"ತರಬ್ಯಾಡ. ನಿನ್ನ ಸೆಲೆಕ್ಷನ್ನು ನನಗೆ ಬ್ಯಾಡ."

ಅವಳ ಪಕ್ಕ ಕೂತಿದ್ದ ರೋಗಿಯೊಬ್ಬರು ಎದ್ದು ಬೇರೆ ಕಡೆ ಹೋದರು.

ಒಳಗೆ ಅದೇ ಡಾಕ್ಟರು. ಕತ್ತು, ಕಂಕುಳು, ಹೊಟ್ಟೆ ಒತ್ತಿ ನೋಡಿದರು, ಸ್ಕ್ಯಾನಿನ ಹಾಳೆ ನೋಡಿದರು. ತೂಕ ಒಂದೂವರೆ ಕೆಜಿ ಇಳಿದಿತ್ತು. ಊಟ ಬಿಟ್ಟಿದ್ದೆ ಎಂದೆ. ಗಂಟುಗಳು ಇದ್ದ ಹಾಗೇ ಇವೆ ಎಂದರು. ಮತ್ತೆ ಮೂರು ತಿಂಗಳು. ಚೀಟಿಯಲ್ಲಿ ಮತ್ತೆ ಹೆಸರು, ತೂಕ, ತಾರೀಖು.

ನನ್ನ ಹಿಂದೆಯೇ ಒಳಗೆ ಬಂದು ಕೂತಿದ್ದ ಅಕ್ಕ ಎದ್ದು ನಿಂತಳು. "ಡಾಕ್ಟ್ರಮ್ಮ, ನೀವು ಕೈಬಿಟ್ಟಿದೀರಾ ಇವಳನ್ನ?"

"ಇಲ್ಲಮ್ಮ. ಯಾಕೆ ಹಂಗೆ ಕೇಳ್ತೀರ?"

"ಔಷಧಿ ಬರ್ದಿಲ್ಲ."

"ಬೇಕಾದಾಗ ಬರೀತೀನಿ. ಈಗ ಬೇಡ."

"ಇದರಿಂದ ಸಾಯ್ತಾಳಾ?"

ಡಾಕ್ಟರು ನನ್ನ ಮುಖ ನೋಡಿದರು. ಹೇಳಿ ಎಂದೆ.

"ಗೊತ್ತಿಲ್ಲ. ಇದರಿಂದಲೇ ಅಂತಾನೂ ಹೇಳಕ್ಕಾಗಲ್ಲ, ಇದರಿಂದ ಅಲ್ಲ ಅಂತಾನೂ ಹೇಳಕ್ಕಾಗಲ್ಲ."

"ಇಷ್ಟು ಓದಿ ಗೊತ್ತಿಲ್ಲ ಅಂತೀರಲ್ಲ" ಎಂದಳು ಅಕ್ಕ. ಅವಳಿಗೆ ನಿಜವಾಗಿ ಸಿಟ್ಟು ಬಂದಿತ್ತು. ಡಾಕ್ಟರು ಗಂಟೆ ಒತ್ತಿ ಹದಿಮೂರನೆಯವರನ್ನು ಕರೆದರು.

ಹೊರಗೆ ಬಂದು ಮೆಟ್ಟಿಲಿಳಿಯುವಾಗ ಅಕ್ಕ ನನ್ನ ಕೈಯಿಂದ ಚೀಟಿ ಕಿತ್ತುಕೊಂಡಳು. ಓದಿದಳು. ತಿರುಗಿಸಲಿಲ್ಲ. ನಾಲ್ಕು ಮಡಿಕೆ ಮಾಡಿ ನನ್ನ ಪರ್ಸಿನಲ್ಲಿಟ್ಟಳು. ಆಮೇಲೆ ಮೆಟ್ಟಿಲ ಮೇಲೆಯೇ ನಿಂತು, ಇನ್ನೊಬ್ಬರ ಜೊತೆ ಜಗಳಕ್ಕೆ ನಿಂತವಳ ಹಾಗೆ ಕೈ ತಿರುವಿ ಹೇಳಿದಳು:

"ಕೇಳಿಸ್ಕೋ. ನೀನು ಇರ್ತೀಯೋ ಇಲ್ವೋ ಯಾರಿಗೂ ಗೊತ್ತಿಲ್ಲ. ಡಾಕ್ಟ್ರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಹೇಳ್ದೆ. ನಾಳೆ ಅಕ್ಕ ಹೇಳಲಿಲ್ಲ ಅನ್ನಬ್ಯಾಡ."

ಅಲ್ಲಿ ಹೆಚ್ಚು ಹೊತ್ತು ನಿಲ್ಲಲು ಆಗುವುದಿಲ್ಲ, ಹತ್ತುವವರು ಇಳಿಯುವವರು ತಳ್ಳುತ್ತಿರುತ್ತಾರೆ. ಇಳಿದೆವು. ಅವಳನ್ನು ಕ್ಷಮಿಸಿದೆ ಎಂದು ಬರೆಯುವುದಿಲ್ಲ, ಯಾಕೆಂದರೆ ಆ ಶುಕ್ರವಾರ ನೆನಪಾದಾಗ ಈಗಲೂ ಹಲ್ಲು ಕಡಿಯುತ್ತೇನೆ. ಹತ್ತಿರದ ಹೋಟೆಲಿನಲ್ಲಿ ಮಂಡಕ್ಕಿ ಮಿರ್ಚಿ ತಿಂದೆವು. ಖಾರ ಜಾಸ್ತಿಯಾಗಿದೆ ಎಂದು ಅವಳು ಮಾಣಿಯ ಹತ್ತಿರ ಜಗಳ ಮಾಡಿದಳು. ಬಸ್ ಸ್ಟ್ಯಾಂಡಿನಲ್ಲಿ ಅವಳ ಚನ್ನಗಿರಿ ಬಸ್ಸು ಮೊದಲು ಹೊರಟಿತು. ಕಿಟಕಿಯಿಂದ ಕತ್ತು ಹೊರಗೆ ಹಾಕಿ ಮುಂದಿನ ತಾರೀಖು ಯಾವುದು ಎಂದು ಕೇಳಿದಳು. ಚೀಟಿ ಪರ್ಸಿನಲ್ಲಿತ್ತು, ತೆಗೆದು ನೋಡಿ ಕೂಗಿ ಹೇಳಿದೆ.

"ಮಂಗಳವಾರ ಬರ್ತೈತೆ. ಆಗಲಿ, ಬರ್ತೀನಿ" ಎಂದಳು.